ಥರ್ಮಲ್ ಕ್ಯಾಮೆರಾ ಹೇಳುವುದು ರೋಗವನ್ನೋ, ಬರಿಯ ಬಿಸಿಯನ್ನೋ?

ತುಂಗಾತೀರ

ಕಳೆದ ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ನನ್ನ ಅಮ್ಮನಿಗೆ ಥರ್ಮಲ್ ಕ್ಯಾಮೆರಾದಿಂದ ಇಡೀ ದೇಹದ ಚಿತ್ರ ತೆಗೆದು, ಬಣ್ಣಬಣ್ಣದ ನಾಲ್ಕು ಪುಟಗಳ ವರದಿಯೊಂದನ್ನು ಕೊಟ್ಟಿದ್ದಾರೆ. ಅಮ್ಮನಿಗೆ 58 ವರ್ಷ. ವರದಿಯಲ್ಲಿ ಎಡ ಸ್ತನ, ಕುತ್ತಿಗೆ ಮತ್ತು ಬಲ ಮೊಣಕಾಲು ಕೆಂಪಾಗಿ ಕಾಣುತ್ತಿದ್ದು, ಕೆಳಗೆ ‘ಉರಿಯೂತದ ಸೂಚನೆ’ ಎಂದು ಬರೆದಿದೆ. ಇದರಲ್ಲಿ ವಿಕಿರಣವಿಲ್ಲ, ನೋವಿಲ್ಲ, ಯಾರೂ ಮೈಮುಟ್ಟುವುದಿಲ್ಲ, ಆದ್ದರಿಂದ ವರ್ಷಕ್ಕೊಮ್ಮೆ ಇದನ್ನು ಮಾಡಿಸಿಕೊಂಡರೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಬೇಕಾಗುವುದಿಲ್ಲ ಎಂದು ಅಲ್ಲಿದ್ದವರು ಹೇಳಿದರಂತೆ. ಅಮ್ಮ ಅಂದಿನಿಂದ ಸರಿಯಾಗಿ ನಿದ್ದೆ ಮಾಡಿಲ್ಲ.

ನನ್ನ ಗೊಂದಲ ಇನ್ನೊಂದಿದೆ. ಅಪ್ಪನಿಗೆ ಹದಿನೆಂಟು ವರ್ಷಗಳಿಂದ ಸಕ್ಕರೆ ಕಾಯಿಲೆ; ಅಂಗಾಲಿಗೆ ಸ್ಪರ್ಶಜ್ಞಾನ ಬಹುಪಾಲು ಹೋಗಿದೆ, ಎರಡು ವರ್ಷಗಳ ಹಿಂದೆ ಒಂದು ಹುಣ್ಣಾಗಿ ಮಾಯಲು ಐದು ತಿಂಗಳು ಹಿಡಿಯಿತು. ಅವರನ್ನು ನೋಡುವ ಪಾದ ಚಿಕಿತ್ಸಾಲಯದಲ್ಲಿ ಪ್ರತಿ ಭೇಟಿಯಲ್ಲೂ ಎರಡೂ ಅಂಗಾಲುಗಳ ಉಷ್ಣತೆಯನ್ನು ಅಳೆದು ಬರೆದುಕೊಳ್ಳುತ್ತಾರೆ ಮತ್ತು ಆ ಅಂಕಿಗಳನ್ನು ಬಹಳ ಗಂಭೀರವಾಗಿ ಪರಿಗಣಿಸುತ್ತಾರೆ. ಒಂದೇ ಬಗೆಯ ಅಳತೆ ಒಂದು ಕಡೆ ನಂಬಿಕೆಗೆ ಅರ್ಹವಾಗಿದ್ದು ಇನ್ನೊಂದು ಕಡೆ ಅಲ್ಲ ಎನ್ನುವುದಾದರೆ, ಆ ಗೆರೆಯನ್ನು ಎಲ್ಲಿ ಎಳೆಯಬೇಕು? ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ದಯವಿಟ್ಟು ವಿವರಿಸಿ.

ಚಿತ್ರಕೊಠಡಿ

ನಾನು ರೇಡಿಯಾಲಜಿ ವೈದ್ಯ. ಮೊದಲು ತುರ್ತಿನ ಮಾತು: ಆ ವರದಿಯ ಆಧಾರದ ಮೇಲೆ ನಿಮ್ಮ ತಾಯಿಯವರು ಹೆದರಬೇಕಾಗಿಲ್ಲ, ಹಾಗೆಯೇ ಅದರಲ್ಲಿ ಎಲ್ಲವೂ ಹಸಿರಾಗಿ ಬಂದಿದ್ದರೂ ನಿಶ್ಚಿಂತರಾಗಬೇಕಾಗಿರಲಿಲ್ಲ. ಎರಡನೆಯ ಅಪಾಯವೇ ದೊಡ್ಡದು. ಅವರಿಗೆ ಈ ವಯಸ್ಸಿನಲ್ಲಿ ಬೇಕಾಗಿರುವುದು ವೈದ್ಯರಿಂದ ಒಮ್ಮೆ ಸ್ತನ ಪರೀಕ್ಷೆ ಮತ್ತು ಒಂದು ಮ್ಯಾಮೊಗ್ರಾಮ್, ಅಗತ್ಯವೆನಿಸಿದರೆ ಅಲ್ಟ್ರಾಸೌಂಡ್. ಅದು ಶಿಬಿರ ನಡೆಯದಿದ್ದರೂ ಬೇಕಾಗಿದ್ದುದೇ.

ಇನ್ನು ಥರ್ಮೋಗ್ರಫಿ, ಎಂದರೆ ಮೈಯ ಬಿಸಿಯನ್ನು ಚಿತ್ರವಾಗಿಸುವುದು, ಹೊಸ ವಿದ್ಯೆಯೇನಲ್ಲ. 1956ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಶಸ್ತ್ರವೈದ್ಯ ರೇ ಲಾಸನ್ ಅವರು ಸ್ತನದ ಕ್ಯಾನ್ಸರ್ ಗಡ್ಡೆಯ ಮೇಲಿನ ಚರ್ಮ ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿರುವುದನ್ನು ವರದಿ ಮಾಡಿದರು. ಗಡ್ಡೆ ತನಗಾಗಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ, ಅದರ ಚಯಾಪಚಯವೂ ಹೆಚ್ಚು, ಆದ್ದರಿಂದ ಬಿಸಿ ಎನ್ನುವ ತರ್ಕ ಸರಿಯಾಗಿಯೇ ಇತ್ತು. ಆ ಉತ್ಸಾಹದಲ್ಲಿ ಅಮೆರಿಕದಲ್ಲಿ 1973ರಲ್ಲಿ ಆರಂಭವಾದ, 2,80,000ಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ ದೊಡ್ಡ ಸ್ತನ ಕ್ಯಾನ್ಸರ್ ತಪಾಸಣಾ ಯೋಜನೆಯಲ್ಲಿ ಮ್ಯಾಮೊಗ್ರಾಮ್ ಮತ್ತು ಕೈಪರೀಕ್ಷೆಗಳ ಜೊತೆಗೆ ಥರ್ಮೋಗ್ರಫಿಯನ್ನೂ ಸೇರಿಸಿದರು. ಮುಂದೆ ಸಿಕ್ಕ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟನ್ನೂ ಅದು ಗುರುತಿಸುತ್ತಿರಲಿಲ್ಲವಾದ್ದರಿಂದ ಕೆಲವೇ ವರ್ಷಗಳಲ್ಲಿ ಅದನ್ನು ಯೋಜನೆಯಿಂದ ಕೈಬಿಟ್ಟರು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1982ರಲ್ಲಿ ಥರ್ಮೋಗ್ರಫಿಗೆ ಕೊಟ್ಟ ಅನುಮತಿ ಮ್ಯಾಮೊಗ್ರಾಮಿನ ಜೊತೆಗೆ ಪೂರಕವಾಗಿ ಬಳಸಲು ಮಾತ್ರ. ಅದನ್ನು ಮ್ಯಾಮೊಗ್ರಾಮಿಗೆ ಬದಲಿಯೆಂದು ಮಾರುವವರ ವಿರುದ್ಧ 2019ರಲ್ಲಿ ಅದೇ ಸಂಸ್ಥೆ ಸಾರ್ವಜನಿಕರಿಗೆ ಸ್ಪಷ್ಟ ಎಚ್ಚರಿಕೆ ನೀಡಿತು. ನಿಮ್ಮ ಶಿಬಿರದಲ್ಲಿ ಆಡಿದ ಮಾತು ಅದೇ ಮಾತು.

ಕಾರಣ ಸರಳವಾಗಿದೆ. ಆಳದಲ್ಲಿರುವ ಸಣ್ಣ ಗಡ್ಡೆಯ ಬಿಸಿ ಕೊಬ್ಬಿನ ಪದರವನ್ನು ದಾಟಿ ಚರ್ಮಕ್ಕೆ ಬರುವಷ್ಟರಲ್ಲಿ ಹರಡಿ ಮಾಸಿಹೋಗಿರುತ್ತದೆ. ಅತ್ತ ಸೋಂಕು, ಹಾಲೂಡಿಕೆ, ಮುಟ್ಟಿನ ಚಕ್ರದ ಏರಿಳಿತ, ಬಿಗಿಯಾದ ಒಳ ಉಡುಪು, ಹೀಗೆ ಕ್ಯಾನ್ಸರ್ ಅಲ್ಲದ ಎಷ್ಟೋ ಕಾರಣಗಳು ಚರ್ಮವನ್ನು ಬಿಸಿಮಾಡುತ್ತವೆ.

ಜರ್ಮೇನಿಯಂ ಕಣ್ಣು

ವೈದ್ಯಕೀಯ ಉಪಕರಣಗಳ ಎಂಜಿನಿಯರ್ ಆಗಿ, ಕ್ಯಾಮೆರಾ ಏನನ್ನು ಕಾಣುತ್ತದೆ ಎನ್ನುವುದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ತುಂಗಾತೀರ ಅವರು ಕೇಳಿದ ಗೆರೆ ಬಹುಮಟ್ಟಿಗೆ ಅಲ್ಲಿಯೇ ಇದೆ.

1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಅವರು ಸೂರ್ಯನ ಬೆಳಕನ್ನು ಅಶ್ರಗದಿಂದ (ಪ್ರಿಸಂ) ಒಡೆದು ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡುವಾಗ, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿಯೂ ಪಾದರಸ ಏರುವುದನ್ನು ಕಂಡರು. ಅವಕೆಂಪು ಕಿರಣಗಳ ಪರಿಚಯ ನಮಗಾದದ್ದು ಹಾಗೆ. ಸುಮಾರು 33 ಡಿಗ್ರಿ ಸೆಲ್ಸಿಯಸ್ ಇರುವ ನಮ್ಮ ಚರ್ಮ ಹೊರಸೂಸುವ ಕಿರಣಗಳ ಶಿಖರ 9.5 ಮೈಕ್ರೋಮೀಟರ್ ತರಂಗಾಂತರದ ಹತ್ತಿರವಿದೆ. ಥರ್ಮಲ್ ಕ್ಯಾಮೆರಾಗಳು 8ರಿಂದ 14 ಮೈಕ್ರೋಮೀಟರ್‌ವರೆಗಿನ ಪಟ್ಟಿಯಲ್ಲಿ ಕೆಲಸ ಮಾಡುವುದು ಅದಕ್ಕಾಗಿಯೇ. ಈ ಕಿರಣಗಳಿಗೆ ಸಾಮಾನ್ಯ ಗಾಜು ಗೋಡೆಯಿದ್ದ ಹಾಗೆ. ಆದ್ದರಿಂದ ಮಸೂರಗಳನ್ನು ಜರ್ಮೇನಿಯಂನಿಂದ ಮಾಡುತ್ತಾರೆ, ಕನ್ನಡಕ ಹಾಕಿಕೊಂಡವರ ಚಿತ್ರದಲ್ಲಿ ಕಣ್ಣಿನ ಜಾಗ ಕಪ್ಪಾಗಿ ಕಾಣುತ್ತದೆ. ಇದಕ್ಕಿಂತ ಮುಖ್ಯವಾದುದು, ಈ ಪಟ್ಟಿಯಲ್ಲಿ ನಮ್ಮ ಚರ್ಮವೂ ಪಾರದರ್ಶಕವಲ್ಲ. ಕ್ಯಾಮೆರಾಕ್ಕೆ ತಲುಪುವುದು ಚರ್ಮದ ಹೊರಮೈಯ ಅತಿ ತೆಳುವಾದ ಪದರದಿಂದ ಹೊರಟ ಕಿರಣ ಮಾತ್ರ. ಎಕ್ಸ್‌ರೇಯಂತೆ ಇದು ‘ಒಳಗೆ ನೋಡುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಯೇ ಸಂಶಯಪಡಬಹುದು. ಒಳಗಿನ ಸುದ್ದಿ ಚರ್ಮದ ರಕ್ತಸಂಚಾರದ ಮೂಲಕ ಹೊರಮೈಗೆ ಬಂದರೆ ಉಂಟು, ಬಾರದಿದ್ದರೆ ಇಲ್ಲ.

ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಚರ್ಮದ ಉತ್ಸರ್ಜನಾಂಕ ಸುಮಾರು 0.98, ಎಂದರೆ ಅದು ಹೆಚ್ಚುಕಡಿಮೆ ಆದರ್ಶ ಕೃಷ್ಣಕಾಯದಂತೆ, ಆ ಉಷ್ಣತೆಯಲ್ಲಿ ಸಾಧ್ಯವಿರುವಷ್ಟನ್ನೂ, ಕಿರಣ ಸೂಸುತ್ತದೆ. ಮೈಬಣ್ಣ ಯಾವುದೇ ಇದ್ದರೂ ಇದು ಹೀಗೆಯೇ ಎಂಬುದನ್ನು ಅಮೆರಿಕದ ವಿಜ್ಞಾನಿ ಜೇಮ್ಸ್ ಹಾರ್ಡಿ ಅವರು 1934ರಷ್ಟು ಹಿಂದೆಯೇ ತೋರಿಸಿದ್ದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕಪ್ಪು ಮೈಬಣ್ಣದವರಲ್ಲಿ ತಪ್ಪು ತೋರಿಸಬಹುದೆಂಬ ಚರ್ಚೆಯನ್ನು ಕೋವಿಡ್ ಕಾಲದಲ್ಲಿ ಕೇಳಿದವರಿಗೆ ಇದು ಸಣ್ಣ ಸಂಗತಿಯಲ್ಲ ಎನ್ನುವುದು ತಿಳಿಯುತ್ತದೆ.

ಈಗ ಅಳತೆಯ ವಿಷಯ. ಇಂದಿನ ಸಾಮಾನ್ಯ ಕ್ಯಾಮೆರಾ ಒಂದು ಚಿತ್ರದೊಳಗಿನ ಎರಡು ಬಿಂದುಗಳ ನಡುವೆ 0.05 ಡಿಗ್ರಿಯಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸಬಲ್ಲುದು. ಆದರೆ ಅದೇ ಕ್ಯಾಮೆರಾ ಕೊಡುವ ನಿಜವಾದ ಉಷ್ಣತೆಯ ಅಂಕಿಯಲ್ಲಿ 2 ಡಿಗ್ರಿಯವರೆಗೆ ತಪ್ಪಿರಬಹುದೆಂದು ತಯಾರಕರೇ ಬರೆದಿರುತ್ತಾರೆ. ಸಂತೆಯ ತಕ್ಕಡಿಯನ್ನು ನೆನಪಿಸಿಕೊಳ್ಳಿ: ತೂಕದ ಕಲ್ಲು ಸವೆದಿದ್ದರೆ ಕಿಲೋ ಲೆಕ್ಕ ತಪ್ಪುತ್ತದೆ, ಆದರೂ ಎರಡು ತಟ್ಟೆಗಳಲ್ಲಿಟ್ಟ ಎರಡು ಕುಂಬಳಕಾಯಿಗಳಲ್ಲಿ ಯಾವುದು ಭಾರ ಎಂದು ಆ ತಕ್ಕಡಿ ತಪ್ಪದೆ ಹೇಳುತ್ತದೆ. ಥರ್ಮಲ್ ಕ್ಯಾಮೆರಾದಿಂದ ಎಡಗಾಲನ್ನು ಬಲಗಾಲಿನ ಜೊತೆ, ಇಂದಿನ ಕಾಲನ್ನು ನಿನ್ನೆಯ ಕಾಲಿನ ಜೊತೆ ಹೋಲಿಸುವುದು ಗಟ್ಟಿ ನೆಲದ ಮೇಲಿನ ಕೆಲಸ. ಒಬ್ಬರ ಕುತ್ತಿಗೆ 34.6 ಡಿಗ್ರಿ ಇದೆ, ಆದ್ದರಿಂದ ಉರಿಯೂತ ಎನ್ನುವುದು ಹಾಗಲ್ಲ.

ಆ ಕೆಂಪು ಬಣ್ಣದ ಬಗ್ಗೆಯೂ ಒಂದು ಮಾತು. ಕ್ಯಾಮೆರಾಕ್ಕೆ ಬಣ್ಣವೆಂಬುದಿಲ್ಲ, ಬಣ್ಣ ತುಂಬುವುದು ಸಾಫ್ಟ್‌ವೇರ್. ಯಾವ ಉಷ್ಣತೆಯಿಂದ ಯಾವ ಉಷ್ಣತೆಯವರೆಗೆ ಬಣ್ಣ ಹಂಚಬೇಕೆಂದು ನಿರ್ಧರಿಸುವವರು ಅದನ್ನು ನಡೆಸುವವರು. 30ರಿಂದ 34 ಎಂದು ಇಟ್ಟರೆ ಆರೋಗ್ಯವಂತನ ಕುತ್ತಿಗೆಯೂ ಹೊತ್ತಿ ಉರಿಯುವಂತೆ ಕಾಣುತ್ತದೆ, 25ರಿಂದ 40 ಎಂದು ಇಟ್ಟರೆ ಜ್ವರದವನೂ ತಣ್ಣಗೆ ಹಸಿರಾಗಿರುತ್ತಾನೆ. ನಿಮ್ಮ ವರದಿಯ ಅಂಚಿನಲ್ಲಿ ಬಣ್ಣದ ಪಟ್ಟಿಯ ಪಕ್ಕ ಅಂಕಿಗಳಿವೆಯೇ? ಕೋಣೆಯ ಉಷ್ಣತೆ ಎಷ್ಟಿತ್ತೆಂದು ಬರೆದಿದ್ದಾರೆಯೇ?

ತುಂಗಾತೀರ

ಬಣ್ಣದ ಪಟ್ಟಿ ಇದೆ, ಅಂಕಿಗಳಿಲ್ಲ. ಕೋಣೆಯ ಉಷ್ಣತೆ ಬರೆದಿಲ್ಲ. ಸಮುದಾಯ ಭವನದಲ್ಲಿ ಫ್ಯಾನುಗಳು ಜೋರಾಗಿ ತಿರುಗುತ್ತಿದ್ದವು, ಅಮ್ಮ ಬಿಸಿಲಿನಲ್ಲಿ ನಡೆದು ಹೋಗಿ ಹತ್ತು ನಿಮಿಷದೊಳಗೆ ಪರದೆಯ ಹಿಂದೆ ನಿಂತಿದ್ದರು. ಅದಕ್ಕೂ ಮೊದಲು ಅಲ್ಲಿಯೇ ಎಲ್ಲರಿಗೂ ಕಾಫಿ ಕೊಟ್ಟಿದ್ದರು.

ಜರ್ಮೇನಿಯಂ ಕಣ್ಣು

ಹಾಗಿದ್ದರೆ ಆ ಚಿತ್ರದಲ್ಲಿರುವುದು ಶಿವಮೊಗ್ಗದ ಬಿಸಿಲು, ಫ್ಯಾನಿನ ಗಾಳಿ ಮತ್ತು ಕಾಫಿ. ವೈದ್ಯಕೀಯ ಉಷ್ಣಚಿತ್ರಣಕ್ಕೆ ಬ್ರಿಟನ್ನಿನ ಗ್ಲಮಾರ್ಗನ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಿಂಗ್ ಮತ್ತು ಆಸ್ಟ್ರಿಯಾದ ಕುರ್ಟ್ ಆಮರ್ ಮೊದಲಾದವರು ರೂಪಿಸಿದ ಕ್ರಮವಿದೆ: ಕೋಣೆ 18ರಿಂದ 25 ಡಿಗ್ರಿಯೊಳಗೆ ಸ್ಥಿರವಾಗಿರಬೇಕು, ಗಾಳಿ ನೇರವಾಗಿ ಮೈಗೆ ಬೀಸಬಾರದು, ಚಿತ್ರಿಸಬೇಕಾದ ಭಾಗದ ಬಟ್ಟೆ ತೆಗೆದು ಕನಿಷ್ಠ 10ರಿಂದ 15 ನಿಮಿಷ ಸುಮ್ಮನೆ ಕುಳಿತಿರಬೇಕು, ಮೊದಲೇ ಕಾಫಿ, ಧೂಮಪಾನ, ಎಣ್ಣೆ, ಮುಲಾಮು, ವ್ಯಾಯಾಮ ಯಾವುದೂ ಇರಬಾರದು. ಬೆವರು ಆರುವಾಗ ಚರ್ಮ ತಣ್ಣಗಾಗುತ್ತದೆಯಾದ್ದರಿಂದ ಕಲಬುರಗಿಯ ಮೇ ತಿಂಗಳಲ್ಲಿ ಎ.ಸಿ. ಇಲ್ಲದ ಕೋಣೆಯಲ್ಲಿ ತೆಗೆದ ಚಿತ್ರಕ್ಕೆ ಬೆಲೆಯಿಲ್ಲ. ಇಷ್ಟನ್ನೂ ಪಾಲಿಸುವವರು ಗಂಟೆಗೆ ಮೂರು ನಾಲ್ಕು ಜನರನ್ನಷ್ಟೇ ನೋಡಲು ಸಾಧ್ಯ. ಶಿಬಿರದ ಸಾಲು ಹಾಗೆ ಸಾಗುವುದಿಲ್ಲ.

ಪಾದಪಾಲಕಿ

ನಾನು ಹನ್ನೊಂದು ವರ್ಷಗಳಿಂದ ಮಧುಮೇಹಿಗಳ ಪಾದ ಚಿಕಿತ್ಸಾ ವಿಭಾಗದಲ್ಲಿ ನರ್ಸ್. ತಂದೆಯವರ ವಿಷಯಕ್ಕೆ ಬರುತ್ತೇನೆ.

ಈ ಅಳತೆಯ ಬೇರು ನಮ್ಮ ಪಕ್ಕದ ವೆಲ್ಲೂರಿನಲ್ಲಿದೆ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡುತ್ತಾ, ಬೆರಳುಗಳು ಉದುರುವುದು ರೋಗಾಣು ತಿನ್ನುವುದರಿಂದಲ್ಲ, ನೋವು ತಿಳಿಯದ ಕಾರಣ ಗಾಯದ ಮೇಲೆ ಗಾಯವಾಗುವುದರಿಂದ ಎಂಬುದನ್ನು ಮನಗಾಣಿಸಿದರು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಸ್ಪರ್ಶವಿಲ್ಲದ ಪಾದಗಳ ಆರೈಕೆಗೆ ಥರ್ಮೋಗ್ರಫಿ ಹೇಗೆ ನೆರವಾಗುತ್ತದೆಂಬ ಪ್ರಬಂಧವನ್ನು ಅಲ್ಲಿಂದ ಸಹೋದ್ಯೋಗಿ ಬರ್ಗ್‌ಥೋಲ್ಟ್ ಅವರೊಂದಿಗೆ 1975ರಲ್ಲಿ ಪ್ರಕಟಿಸಿದರು. ಚರ್ಮ ಒಡೆಯುವ ಮೊದಲು ಅದರಡಿಯ ಅಂಗಾಂಶ ಜಜ್ಜಿಹೋಗಿ ಬಿಸಿಯಾಗುತ್ತದೆ. ನಮಗಾದರೆ ಅಲ್ಲಿ ನೋವಾಗಿ ಕುಂಟುತ್ತೇವೆ, ಆ ಕುಂಟುವಿಕೆಯೇ ಕಾಲನ್ನು ಉಳಿಸುತ್ತದೆ. ನೋವಿಲ್ಲದವರಿಗೆ ಆ ಬಿಸಿಯೇ ನೋವಿನ ಬದಲು ಮಾತನಾಡಬೇಕು. ಇಂದು ನಾವು ಸಕ್ಕರೆ ಕಾಯಿಲೆಯವರಿಗೆ ಕೊಡುವ, ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿಯೂ ಕುಷ್ಠರೋಗದ ಆರೈಕೆಯಿಂದಲೇ ಬಂದದ್ದು.

ಮುಂದೆ ಅಮೆರಿಕದ ಪಾದವೈದ್ಯರಾದ ಲಾರೆನ್ಸ್ ಲೇವರಿ, ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಅವರ ಸಂಗಡಿಗರು ಇದನ್ನು ಮನೆಯಲ್ಲಿ ಮಾಡುವ ಕ್ರಮವಾಗಿಸಿದರು. ಒಂದು ಪಾದದ ಒಂದು ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ, ಎಂದರೆ 4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಹೆಚ್ಚು ಬಿಸಿಯಿದ್ದರೆ ನಡಿಗೆ ಕಡಿಮೆಮಾಡಿ ಚಿಕಿತ್ಸಾಲಯಕ್ಕೆ ಕರೆಮಾಡಬೇಕು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಹೆಚ್ಚು ಅಪಾಯದಲ್ಲಿದ್ದ 225 ಮಂದಿಯನ್ನು 18 ತಿಂಗಳು ಗಮನಿಸಿದಾಗ ಉಷ್ಣತೆ ಅಳೆದುಕೊಳ್ಳುತ್ತಿದ್ದವರಲ್ಲಿ ಶೇ. 4.7 ಮಂದಿಗೆ, ಉಳಿದವರಲ್ಲಿ ಶೇ. 12.2 ಮಂದಿಗೆ ಹುಣ್ಣಾಯಿತು. ಅವರು ಬಳಸಿದ್ದು ದುಬಾರಿ ಕ್ಯಾಮೆರಾವನ್ನಲ್ಲ, ಕೈಯಲ್ಲಿ ಹಿಡಿಯುವ ಅವಕೆಂಪು ಉಷ್ಣಮಾಪಕವನ್ನು.

ಚಿಕಿತ್ಸೆ ಫಲಿಸುತ್ತಿದೆಯೇ ಎಂದು ತಿಳಿಯಲು ಉಷ್ಣತೆ ಎಷ್ಟು ಉಪಯುಕ್ತ ಎನ್ನುವುದನ್ನು ನಾನು ಕಂಡಿರುವುದು ಶಾರ್ಕೊ ಪಾದದಲ್ಲಿ. ನರಗಳು ಸತ್ತ ಪಾದದ ಮೂಳೆಗಳು ಒಳಗೊಳಗೇ ಮುರಿದು ಕುಸಿಯುವ ಸ್ಥಿತಿ ಅದು. ಪಾದ ಊದಿ, ಕೆಂಪಾಗಿ, ಬಿಸಿಯಾಗಿರುತ್ತದೆ, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಷ್ಟೋ ಸಲ ಸೋಂಕೆಂದು ಭಾವಿಸಿ ಬರಿ ಮಾತ್ರೆ ಕೊಟ್ಟು ಕಳುಹಿಸಿಬಿಡುತ್ತಾರೆ. ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಭಾರ ಬೀಳದಂತೆ ಇರಿಸುವುದೇ ಚಿಕಿತ್ಸೆ. ಅದನ್ನು ಯಾವಾಗ ತೆಗೆಯಬೇಕು? ಪ್ರತಿ ಸಲ ಪ್ಲಾಸ್ಟರ್ ಬದಲಿಸುವಾಗಲೂ ಎರಡು ಪಾದಗಳ ವ್ಯತ್ಯಾಸ ಬರೆಯುತ್ತೇವೆ. ಐದು, ಮೂರೂವರೆ, ಎರಡೂವರೆ ಎಂದು ಇಳಿಯುತ್ತಾ ಬಂದು 2 ಡಿಗ್ರಿಗಿಂತ ಕೆಳಗೆ ಕೆಲವು ವಾರ ನಿಂತು, ಊತವೂ ಇಳಿದು, ಎಕ್ಸ್‌ರೇಯೂ ಒಪ್ಪಿದ ಮೇಲೆ ಮುಂದಿನ ಹೆಜ್ಜೆ. ಅವಸರಪಟ್ಟು ಬಿಚ್ಚಿಸಿಕೊಂಡು ಹೋದವರು ಮತ್ತೆ ಬಂದಾಗ ಆ ಅಂಕಿ ಮೇಲೇರಿರುವುದನ್ನು ನಾನು ನೋಡಿದ್ದೇನೆ.

ಅಂಕಿಸಂಖ್ಯೆ

ಪಾದಪಾಲಕಿ ಮೇಡಂ ಅವರ ಅನುಭವವನ್ನು ಗೌರವಿಸುತ್ತಲೇ ಒಂದು ತಕರಾರು. ಮೊದಲ ಅಧ್ಯಯನಗಳನ್ನು ನಡೆಸಿದವರು ಬಹುತೇಕ ಒಂದೇ ಗುಂಪಿನವರು. ನೆದರ್ಲೆಂಡ್ಸ್‌ನಲ್ಲಿ 304 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಡಯಟೆಂಪ್ ಎಂಬ ಪ್ರಯೋಗದಲ್ಲಿ ಮನೆಯಲ್ಲಿ ಉಷ್ಣತೆ ಅಳೆದವರಲ್ಲಿ ಶೇ. 29, ಅಳೆಯದವರಲ್ಲಿ ಶೇ. 37 ಮಂದಿಗೆ ಹುಣ್ಣು ಮರುಕಳಿಸಿತು. ಈ ಅಂತರ ಆಕಸ್ಮಿಕವಲ್ಲ ಎಂದು ಹೇಳಲು ಸಂಖ್ಯಾಶಾಸ್ತ್ರದ ಪ್ರಕಾರ ಸಾಲುವುದಿಲ್ಲ. ಸ್ತನದ ವಿಷಯದಲ್ಲಿ ಸಾಕ್ಷ್ಯ ಕೇಳುವ ನಾವು ಪಾದದ ವಿಷಯದಲ್ಲಿ ರಿಯಾಯಿತಿ ತೋರಿಸಬಾರದು.

ಪಾದಪಾಲಕಿ

ತಕರಾರು ನ್ಯಾಯವಾದದ್ದು. ಆದರೆ ಅದೇ ಪ್ರಯೋಗದ ಇನ್ನೊಂದು ಸಾಲನ್ನೂ ಓದಬೇಕು: ಬಿಸಿ ಕಂಡಾಗ ಹೇಳಿದಂತೆ ನಡಿಗೆ ಕಡಿಮೆ ಮಾಡಿದವರಲ್ಲಿ ಹುಣ್ಣು ಸ್ಪಷ್ಟವಾಗಿ ಕಡಿಮೆಯಿತ್ತು. ಉಷ್ಣಮಾಪಕ ಕಾಲನ್ನು ಕಾಯುವುದಿಲ್ಲ, ಅದನ್ನು ನೋಡಿದವರು ಕುರ್ಚಿಯ ಮೇಲೆ ಕುಳಿತುಕೊಳ್ಳಬೇಕು. ಹೊಲ, ಅಂಗಡಿ, ಬಸ್ಸು ಬಿಟ್ಟು ಎರಡು ವಾರ ಕುಳಿತುಕೊಳ್ಳಿ ಎಂದರೆ ನಮ್ಮಲ್ಲಿ ಎಷ್ಟು ಜನ ಕುಳಿತಾರು? ಅಂತರರಾಷ್ಟ್ರೀಯ ಮಧುಮೇಹ ಪಾದ ಮಾರ್ಗಸೂಚಿಯೂ ಇದನ್ನು ಎಲ್ಲರಿಗೂ ಕಡ್ಡಾಯವೆಂದು ಹೇಳಿಲ್ಲ. ಮಧ್ಯಮ ಅಥವಾ ಹೆಚ್ಚು ಅಪಾಯದಲ್ಲಿರುವವರಿಗೆ ಪರಿಗಣಿಸಬಹುದೆಂದಷ್ಟೇ ಹೇಳಿದೆ.

ಇನ್ನೊಂದು ಮಿತಿಯನ್ನು ನಾನೇ ಸೇರಿಸುತ್ತೇನೆ. ರಕ್ತನಾಳ ಕಟ್ಟಿಕೊಂಡ ಪಾದ ತಣ್ಣಗಿರುತ್ತದೆ. ಅಂಥ ಪಾದದಲ್ಲಿ ಸೋಂಕು ಇದ್ದರೂ ಬಿಸಿ ಏರದೆ ಇನ್ನೊಂದು ಪಾದಕ್ಕೆ ಸಮನಾಗಿ ಕಾಣಬಹುದು. ಎರಡೂ ಪಾದಗಳಲ್ಲಿ ಒಟ್ಟಿಗೆ ತೊಂದರೆಯಿದ್ದರೆ, ಅಥವಾ ಒಂದು ಕಾಲು ಈಗಾಗಲೇ ಇಲ್ಲವಾಗಿದ್ದರೆ, ಹೋಲಿಸಲು ಜೋಡಿಯೇ ಇಲ್ಲ. ಆದ್ದರಿಂದ ಕಾಲಿನ ನಾಡಿ ಮುಟ್ಟಿ ನೋಡದೆ ಬರಿಯ ಉಷ್ಣತೆ ನೋಡುವುದು ಅರ್ಧ ಪರೀಕ್ಷೆ.

ಕೊಟ್ಟಿಗೆ ವೈದ್ಯ

ಪಶುವೈದ್ಯನಾಗಿ ಸಣ್ಣ ಮಾತೊಂದನ್ನು ಸೇರಿಸುತ್ತೇನೆ. ಹಸುವಿನ ಕೆಚ್ಚಲು ಬಾವು ಮತ್ತು ಕುದುರೆಯ ಕಾಲಿನ ಸ್ನಾಯುರಜ್ಜುಗಳ ಪೆಟ್ಟನ್ನು ಗುರುತಿಸಲು ಥರ್ಮಲ್ ಕ್ಯಾಮೆರಾ ಬಳಸುವ ಪ್ರಯತ್ನಗಳು ಬಹಳ ನಡೆದಿವೆ, ಏಕೆಂದರೆ ನಮ್ಮ ರೋಗಿಗಳು ಎಲ್ಲಿ ನೋಯುತ್ತಿದೆಯೆಂದು ಹೇಳುವುದಿಲ್ಲ. ನಮ್ಮಲ್ಲಿಯೂ ನಾಲ್ಕು ಕೆಚ್ಚಲುಭಾಗಗಳನ್ನು ಒಂದಕ್ಕೊಂದು ಹೋಲಿಸಿದಾಗ ಮಾತ್ರ ಏನಾದರೂ ತಿಳಿಯುತ್ತದೆ, ಕೊನೆಗೆ ಹಾಲನ್ನು ಪರೀಕ್ಷಿಸಲೇಬೇಕು. ಬಿಸಿ ಕಂಡ ಜಾಗಕ್ಕೆಲ್ಲ ರೋಗದ ಹೆಸರಿಡುತ್ತಾ ಹೋದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಅರಿವಳಿಕೆ

ನಾನು ಅರಿವಳಿಕೆ ಮತ್ತು ನೋವು ಚಿಕಿತ್ಸೆಯ ವೈದ್ಯೆ. ಚರ್ಚೆ ಸ್ತನ ಮತ್ತು ಪಾದದಲ್ಲಿಯೇ ನಿಂತಿದೆ. ಉಷ್ಣತೆಯಿಂದ ಚಿಕಿತ್ಸೆಯ ಪರಿಣಾಮವನ್ನು ನಿಮಿಷಗಳಲ್ಲಿಯೇ ಕಾಣುವ ಸಂದರ್ಭಗಳು ನಮ್ಮಲ್ಲಿವೆ.

ಕೈಯ ಶಸ್ತ್ರಚಿಕಿತ್ಸೆಗೆ ಕಂಕುಳು ಅಥವಾ ಕುತ್ತಿಗೆಯ ಬಳಿ ನರಗಳ ಸುತ್ತ ಅರಿವಳಿಕೆ ಮದ್ದು ಹಾಕಿದಾಗ, ರಕ್ತನಾಳಗಳನ್ನು ಬಿಗಿಹಿಡಿಯುವ ಅನುವೇದಕ ನರತಂತುಗಳೂ ಸುಮ್ಮನಾಗುತ್ತವೆ. ನಾಳಗಳು ಹಿಗ್ಗಿ ಬೆರಳತುದಿ ಹಲವು ಡಿಗ್ರಿಗಳಷ್ಟು ಬೆಚ್ಚಗಾಗುತ್ತದೆ. ಮಕ್ಕಳಲ್ಲಿ, ಮಾತನಾಡಲಾಗದವರಲ್ಲಿ ಮದ್ದು ಹಿಡಿಯಿತೇ ಎಂದು ತಿಳಿಯಲು ಇದು ಸಹಾಯಕ. ಪೆಟ್ಟಾದ ಮೇಲೆ ಕೈಯೋ ಕಾಲೋ ತಿಂಗಳುಗಟ್ಟಲೆ ಉರಿಯುತ್ತಾ ಬಣ್ಣ ಬದಲಿಸುವ ಸಂಕೀರ್ಣ ಪ್ರಾದೇಶಿಕ ನೋವಿನ ರೋಗದಲ್ಲಿ, ಬುಡಾಪೆಸ್ಟ್ ಮಾನದಂಡ ಎಂದು ಕರೆಯಲಾಗುವ ಪಟ್ಟಿಯಲ್ಲಿ ಎರಡು ಬದಿಗಳ ನಡುವೆ 1 ಡಿಗ್ರಿಗಿಂತ ಹೆಚ್ಚಿನ ವ್ಯತ್ಯಾಸ ಒಂದು ಲಕ್ಷಣವಾಗಿ ಸೇರಿದೆ. ಒಂದು ಲಕ್ಷಣ ಮಾತ್ರ, ರೋಗನಿರ್ಣಯವಲ್ಲ. ಚಳಿಗೆ ಬೆರಳು ಬಿಳಿಚಿಕೊಳ್ಳುವ ರೇನೋ ತೊಂದರೆಯಲ್ಲಿ ಕೈಯನ್ನು ಒಂದು ನಿಮಿಷ ತಣ್ಣೀರಿನಲ್ಲಿರಿಸಿ, ನಂತರ ಬೆರಳುಗಳು ಹೇಗೆ ಬೆಚ್ಚಗಾಗುತ್ತವೆ ಎಂದು ಚಿತ್ರದ ಮೇಲೆ ಚಿತ್ರ ತೆಗೆಯುತ್ತಾರೆ. ಬೆಚ್ಚಗಿನ ಕೋಣೆಯಲ್ಲಿಯೂ ಬೆರಳತುದಿ ಅಂಗೈ ಹಿಂಬದಿಗಿಂತ 1 ಡಿಗ್ರಿಗೂ ಹೆಚ್ಚು ತಣ್ಣಗೆ ಉಳಿದರೆ ಅದರ ಹಿಂದೆ ಚರ್ಮ ಬಿಗಿದು ಗಡುಸಾಗುವ ಸ್ಕ್ಲೆರೋಡರ್ಮದಂಥ ರೋಗವಿದೆಯೇ ಎಂದು ಹುಡುಕಬೇಕಾಗುತ್ತದೆ.

ನನಗೆ ಅತ್ಯಂತ ಸೊಗಸೆನಿಸುವುದು ನಾರ್ವೆಯ ಟ್ರೊಮ್ಸೊ ಊರಿನ ಶಸ್ತ್ರವೈದ್ಯ ಲೂಯಿ ದೆ ವೀರ್ಡ್ ಅವರ ತಂಡದ ಕೆಲಸ. ಕ್ಯಾನ್ಸರಿನಿಂದ ಸ್ತನ ತೆಗೆಸಿಕೊಂಡವರಿಗೆ ಹೊಟ್ಟೆಯ ಚರ್ಮ ಮತ್ತು ಕೊಬ್ಬನ್ನು ರಕ್ತನಾಳ ಸಹಿತ ತೆಗೆದು ಹೊಸ ಸ್ತನ ಕಟ್ಟುತ್ತಾರೆ. ಯಾವ ಸಣ್ಣ ನಾಳದಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದು ತಿಳಿಯಲು ಹೊಟ್ಟೆಗೆ ಸ್ವಲ್ಪ ಹೊತ್ತು ಫ್ಯಾನ್ ಗಾಳಿ ಹಿಡಿದು ತಂಪುಮಾಡಿ ನಿಲ್ಲಿಸುತ್ತಾರೆ. ಆಗ ಒಳಗಿನ ನಾಳ ಚರ್ಮಕ್ಕೆ ಬರುವ ಜಾಗಗಳು ಮೊದಲು ಬೆಚ್ಚಗಾಗಿ ಚುಕ್ಕೆಗಳಂತೆ ಮೂಡುತ್ತವೆ. ಎದೆಯಲ್ಲಿ ನಾಳ ಜೋಡಿಸಿ ರಕ್ತ ಬಿಟ್ಟಾಗ ಆ ತುಂಡು ಮತ್ತೆ ಬೆಚ್ಚಗಾಗುವುದನ್ನೂ ಅದೇ ಕ್ಯಾಮೆರಾದಲ್ಲಿ ನೋಡುತ್ತಾರೆ. ಸ್ತನ ಕ್ಯಾನ್ಸರನ್ನು ಹುಡುಕಲು ಸೋತ ಉಪಕರಣ ಅದೇ ರೋಗಿಯ ಮರುನಿರ್ಮಾಣದಲ್ಲಿ ಕೆಲಸಕ್ಕೆ ಬಂತು.

ಕೀಲುವಾತದ ವಿಷಯವನ್ನು ಬಿಡಬಾರದು. ಬ್ರಿಟನ್ನಿನ ಬಾತ್ ನಗರದ ಸಂಧಿವಾತ ಆಸ್ಪತ್ರೆಯ ಬಳಗ 1974ರಲ್ಲಿಯೇ ಕೀಲಿನ ಬಿಸಿಯನ್ನು ಒಂದು ಸೂಚ್ಯಂಕವಾಗಿ ಲೆಕ್ಕಹಾಕಿ ಔಷಧಗಳ ಪರಿಣಾಮ ಅಳೆದಿತ್ತು. ಈಗ ಆ ಕೆಲಸವನ್ನು ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಅಲ್ಟ್ರಾಸೌಂಡ್ ಬಹುಮಟ್ಟಿಗೆ ವಹಿಸಿಕೊಂಡಿದೆ.

ಹೊಸಬೆಳಕು

ಎಲ್ಲರೂ ಸ್ತನ ಥರ್ಮೋಗ್ರಫಿಯನ್ನು 1970ರ ದಶಕದ ಕ್ಯಾಮೆರಾಗಳ ಮೇಲೆ ತೀರ್ಮಾನಿಸುತ್ತಿದ್ದೀರಿ. ಆಗಿನ ಸಂವೇದಕಗಳಿಗೆ ದ್ರವ ಸಾರಜನಕ ಬೇಕಾಗಿತ್ತು, ಚಿತ್ರವನ್ನು ಮನುಷ್ಯರ ಕಣ್ಣು ಓದುತ್ತಿತ್ತು. ನಮ್ಮ ಬೆಂಗಳೂರಿನಲ್ಲಿಯೇ ಗೀತಾ ಮಂಜುನಾಥ್ ಅವರು 2016ರಲ್ಲಿ ಆರಂಭಿಸಿದ ನಿರಾಮಯ್ ಸಂಸ್ಥೆ ಉಷ್ಣಚಿತ್ರಗಳನ್ನು ಕೃತಕ ಬುದ್ಧಿಮತ್ತೆಯಿಂದ ವಿಶ್ಲೇಷಿಸುತ್ತಿದೆ. ಮ್ಯಾಮೊಗ್ರಾಮ್ ಯಂತ್ರ ಬಹಳಷ್ಟು ತಾಲ್ಲೂಕು ಕೇಂದ್ರಗಳಲ್ಲಿಲ್ಲ. ಸಂಕೋಚದಿಂದ ಪರೀಕ್ಷೆಗೆ ಬಾರದ ಹೆಣ್ಣುಮಕ್ಕಳಿಗೆ ಯಾರೂ ಮುಟ್ಟದ ಪರೀಕ್ಷೆ ದೊಡ್ಡ ಅನುಕೂಲವಲ್ಲವೇ? ಏನೂ ಇಲ್ಲದಿರುವುದಕ್ಕಿಂತ ಏನಾದರೂ ಇರುವುದು ಮೇಲು.

ಚಿತ್ರಕೊಠಡಿ

ಎರಡು ಸಂಗತಿಗಳನ್ನು ಬೇರ್ಪಡಿಸೋಣ. ನಿಯಂತ್ರಿತ ಕೋಣೆ, ನಿರ್ದಿಷ್ಟ ಕ್ರಮ, ಅಧ್ಯಯನ ಪ್ರಕಟಿಸಿ ವಿಮರ್ಶೆಗೆ ಒಡ್ಡಿಕೊಳ್ಳುವ ಸಂಶೋಧನೆ ಒಂದು. ಕಾಫಿ ಕುಡಿಸಿ ಫ್ಯಾನಿನಡಿ ಚಿತ್ರ ತೆಗೆದು ಮ್ಯಾಮೊಗ್ರಾಮ್ ಬೇಡವೆನ್ನುವುದು ಇನ್ನೊಂದು. ಮೊದಲನೆಯದನ್ನು ಎರಡನೆಯದರ ಪಾಪಕ್ಕೆ ಹೊಣೆ ಮಾಡುವುದು ನನ್ನ ಉದ್ದೇಶವಲ್ಲ. ವಯಸ್ಸಿನಲ್ಲಿ ಕಿರಿಯರ ಸಾಂದ್ರ ಸ್ತನಗಳಲ್ಲಿ ಮ್ಯಾಮೊಗ್ರಾಮಿಗೇ ಕಣ್ಣು ಮಂಜಾಗುತ್ತದೆ ಎನ್ನುವುದೂ ನಿಜ, ಆದ್ದರಿಂದ ಹೊಸ ದಾರಿ ಹುಡುಕುವವರಿಗೆ ನನ್ನ ಬೆಂಬಲವಿದೆ. ಆದರೆ ತಪಾಸಣೆಯೊಂದು ಒಳ್ಳೆಯದೆಂದು ಹೇಳಲು, ಅದನ್ನು ಮಾಡಿಸಿಕೊಂಡವರಲ್ಲಿ ಸಾವು ಕಡಿಮೆಯಾಗಿದೆ ಎಂದು ವರ್ಷಗಟ್ಟಲೆ ಗಮನಿಸಿ ತೋರಿಸಬೇಕು. ಥರ್ಮೋಗ್ರಫಿಗೆ ಆ ಪುರಾವೆ ಇಲ್ಲ, ಕ್ಯಾಮೆರಾ ಎಷ್ಟೇ ಸುಧಾರಿಸಿದರೂ ಚರ್ಮದ ಆಚೆಗೆ ಅದು ಕಾಣದು.

‘ಏನೂ ಇಲ್ಲದಿರುವುದಕ್ಕಿಂತ’ ಎನ್ನುವ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ನಮ್ಮ ಮುಂದಿರುವ ಆಯ್ಕೆ ಅದಲ್ಲ. ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಿಂದ ಇಪ್ಪತ್ತು ವರ್ಷಗಳ ಕಾಲ ಸುಮಾರು 1,50,000 ಮಹಿಳೆಯರನ್ನು ಒಳಗೊಂಡ ಪ್ರಯೋಗ ನಡೆಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರಿಗೈಯಿಂದ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೋಗ ಮುಂಚಿನ ಹಂತದಲ್ಲಿ ಪತ್ತೆಯಾಯಿತು. ಒಟ್ಟಾರೆ ಸಾವಿನ ಇಳಿಕೆ ಖಚಿತವೆನ್ನುವಷ್ಟು ಇರಲಿಲ್ಲವಾದರೂ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಿತ್ತು. ಅದಕ್ಕೆ ಬೇಕಾದ ಉಪಕರಣ ಎರಡು ಕೈಗಳು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೂ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಇರಬೇಕೆಂದಿದೆ. ಸಂಕೋಚದ ಪ್ರಶ್ನೆಗೆ ಮುಟ್ಟದಿರುವ ಯಂತ್ರಕ್ಕಿಂತ ಮುಟ್ಟಲು ತಿಳಿದ ಹೆಣ್ಣುಮಗಳು ಉತ್ತಮ ಉತ್ತರವೆಂದು ನನ್ನ ಅಭಿಪ್ರಾಯ. ಇದನ್ನು ಒಪ್ಪದವರೂ ಇರಬಹುದು.

ಅಂಕಿಸಂಖ್ಯೆ

ಕೋವಿಡ್ ಕಾಲದ ಜ್ವರದ ಕ್ಯಾಮೆರಾಗಳನ್ನು ಯಾರೂ ಪ್ರಸ್ತಾಪಿಸಲಿಲ್ಲ. ಅದಕ್ಕಿರುವ ಅಂತರರಾಷ್ಟ್ರೀಯ ಮಾನಕ ಒಬ್ಬೊಬ್ಬರನ್ನೇ ನಿಲ್ಲಿಸಿ, ಕನ್ನಡಕ ತೆಗೆಸಿ, ಕಣ್ಣಿನ ಒಳಮೂಲೆಯ ಉಷ್ಣತೆಯನ್ನು ಅಳೆಯಬೇಕೆನ್ನುತ್ತದೆ. ಮಾಲ್‌ಗಳ ಬಾಗಿಲಲ್ಲಿ ಗುಂಪಿನ ಮೇಲೆ ತಿರುಗಿಸಿಟ್ಟಿದ್ದ ಕ್ಯಾಮೆರಾಗಳು ಏನನ್ನು ಅಳೆದವೋ ದೇವರೇ ಬಲ್ಲ.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಅಮ್ಮನಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ಕಾಫಿಯ ಭಾಗಕ್ಕೆ ನಕ್ಕರು. ನಿನ್ನೆ ವೈದ್ಯೆಯೊಬ್ಬರು ಪರೀಕ್ಷಿಸಿ ಮ್ಯಾಮೊಗ್ರಾಮ್ ಮಾಡಿಸಿದರು, ಚಿಂತಿಸುವಂಥದ್ದೇನೂ ಕಂಡಿಲ್ಲ.

ಪಾದಪಾಲಕಿ ಮೇಡಂ, ಅಪ್ಪನ ಪಾದವನ್ನು ಮನೆಯಲ್ಲಿಯೇ ದಿನಾ ಅಳೆಯಲು ನಮ್ಮಲ್ಲಿರುವ ಹಣೆಯ ಥರ್ಮಾಮೀಟರ್ ಬಳಸಬಹುದೇ? ಮೊನ್ನೆ ಪ್ರಯತ್ನಿಸಿದರೆ ಅಂಕಿಯ ಬದಲು ‘ಲೋ’ ಎಂದು ತೋರಿಸಿತು.

ಪಾದಪಾಲಕಿ

ಹಣೆಗೆ ಹಿಡಿಯುವ ಸಾಧನ ಚರ್ಮದ ಬಿಸಿಗೆ ಒಂದು ಲೆಕ್ಕ ಸೇರಿಸಿ ಒಳಮೈ ಉಷ್ಣತೆಯಾಗಿ ತೋರಿಸುತ್ತದೆ, ಪಾದದ 29, 30 ಡಿಗ್ರಿಯನ್ನು ಅದು ದೇಹವೆಂದೇ ಒಪ್ಪುವುದಿಲ್ಲ. ಹೆಚ್ಚಿನವುಗಳಲ್ಲಿ ‘ಸರ್ಫೇಸ್’ ಎಂಬ ಆಯ್ಕೆ ಇರುತ್ತದೆ, ಅದಕ್ಕೆ ಬದಲಿಸಿಕೊಳ್ಳಿ. ಬೆಳಿಗ್ಗೆ ಒಂದೇ ಹೊತ್ತಿಗೆ, ಸಾಕ್ಸ್ ತೆಗೆದು ಹದಿನೈದು ನಿಮಿಷ ಫ್ಯಾನ್ ಇಲ್ಲದೆ, ಪಾದ ನೆಲಕ್ಕೆ ತಾಗದಂತೆ ಸ್ಟೂಲಿನ ಮೇಲಿಟ್ಟು ಕುಳಿತ ನಂತರ ಅಳೆಯಿರಿ. ಹೆಬ್ಬೆರಳಿನ ಅಡಿ, ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ಬುಡದ ಗಂಟು, ಅಂಗಾಲಿನ ನಡು, ಹಿಮ್ಮಡಿ. ಒಟ್ಟು ಆರು ಜಾಗ, ಪ್ರತಿ ಸಲವೂ ಅಷ್ಟೇ ದೂರದಿಂದ. ನೋಟ್‌ಬುಕ್ಕಿನಲ್ಲಿ ಎಡ, ಬಲ, ವ್ಯತ್ಯಾಸ ಎಂದು ಮೂರು ಕಂಬ ಎಳೆದುಕೊಳ್ಳಿ. 2.2ಕ್ಕಿಂತ ಹೆಚ್ಚು ಎರಡು ದಿನ ಸತತವಾಗಿ ಕಂಡರೆ ನಡಿಗೆ ನಿಲ್ಲಿಸಿ ಚಿಕಿತ್ಸಾಲಯಕ್ಕೆ ತಿಳಿಸಿ.

ತುಂಗಾತೀರ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಮೊದಲ ವಾರ ಎಲ್ಲ ಜಾಗಗಳಲ್ಲೂ ವ್ಯತ್ಯಾಸ ಒಂದು ಡಿಗ್ರಿಯೊಳಗಿತ್ತು. ನಿನ್ನೆ ಬಲಪಾದದ ಕಿರುಬೆರಳ ಬುಡದಲ್ಲಿ 2.4, ಇಂದು 2.7. ಚರ್ಮ ನೋಡಲು ಏನೂ ಆಗಿಲ್ಲ, ಅಪ್ಪ ತನಗೇನೂ ಆಗಿಲ್ಲವೆಂದು ಪೇಟೆಗೆ ಹೊರಟಿದ್ದರು, ತಡೆದು ಕೂರಿಸಿದ್ದೇನೆ. ಚಿಕಿತ್ಸಾಲಯದಲ್ಲಿ ನಾಳೆ ಹನ್ನೊಂದು ಗಂಟೆಗೆ ಬರಲು ಹೇಳಿದ್ದಾರೆ.

ಪಾದಪಾಲಕಿ

ಒಳ್ಳೆಯ ಕೆಲಸ ಮಾಡಿದಿರಿ. ಹೋಗುವಾಗ ಅವರು ಈಚೆಗೆ ಹಾಕಿಕೊಂಡ ಚಪ್ಪಲಿ, ಬೂಟು ಎಲ್ಲವನ್ನೂ ಚೀಲದಲ್ಲಿ ತೆಗೆದುಕೊಂಡು ಹೋಗಿ. ಅದಕ್ಕೂ ಮೊದಲು ಬಲಗಾಲಿನದರ ಒಳಗೆ ನಿಮ್ಮ ಕೈ ಹಾಕಿ, ಕಿರುಬೆರಳ ಬುಡ ಬರುವ ಜಾಗವನ್ನು ಒಮ್ಮೆ ತಡವಿ ನೋಡಿ.

ತುಂಗಾತೀರ

ಒಳಪದರದ ಅಂಚು ಎದ್ದು ಮಡಚಿಕೊಂಡಿದೆ. ಅಂಗಡಿಯಲ್ಲಿ ಅಂಟು ಹಾಕಿಸಿ ತಂದು ಹನ್ನೆರಡು ದಿನಗಳಾಗಿತ್ತು.